ಪಾಚಿ ಹೇಳುವ ಲೆಕ್ಕ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ನಮ್ಮದು. ಇಲ್ಲಿ, ವಿಜಯನಗರದ ಸಾಧಾರಣ ಮನೆಯೊಂದರ ನಡುಮನೆಯಲ್ಲಿ ಕಡಲನ್ನು ಸಾಕುವುದು ವಿಚಿತ್ರ ಹವ್ಯಾಸವೆಂದು ಕೇಳುಗರಿಗೆ ತೋರಬಹುದು. ಆ ಹವ್ಯಾಸ ನನಗಿದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆತ ನೀರು, ಒಂದಿಷ್ಟು ಕಲ್ಲು, ಎರಡು ಮೀನು, ಕೆಲವು ಮೆತ್ತನೆಯ ಹವಳ; ಇಷ್ಟೇ ನನ್ನ ಸಮುದ್ರ. ನಮ್ಮ ಕಡಲಿನ ಕಲ್ಲುಹವಳಗಳನ್ನು ಯಾರೂ ಕಿತ್ತು ತರುವಂತಿಲ್ಲ. ಅವು 2001ರಿಂದ ಹುಲಿಯ ಜೊತೆಗೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ.

ಇಂಥ ತೊಟ್ಟಿಗೆ ಕರೆಯದೆ ಬರುವ ಅತಿಥಿ ಪಾಚಿ. ಮೊದಲು ಕಲ್ಲಿನ ಮೇಲೆ ಕಂದು ಧೂಳಿನಂತೆ ಕೂರುತ್ತದೆ. ಬಳಿಕ ಹಸುರು ಕೂದಲಾಗಿ ಬೆಳೆದು ಹವಳವನ್ನು ಮುಸುಕುತ್ತದೆ. ಬೆಳಕು ಕಾಣದ ಹವಳ ಮೆಲ್ಲನೆ ಮುದುಡುತ್ತದೆ. ಸೋಜಿಗವೆಂದರೆ, ಆ ಹವಳ ಬದುಕಿರುವುದೂ ಪಾಚಿಯಿಂದಲೇ. ಅದರ ಮೈಯೊಳಗೆ ನೆಲೆಸಿದ ಏಕಕೋಶದ ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸಿ ಅದಕ್ಕೆ ಉಣಿಸುತ್ತದೆ. ಒಳಗಿದ್ದರೆ ಅಡುಗೆಯವನು, ಹೊರಗೆ ಮಿತಿಮೀರಿದರೆ ಕೊರಳಿಗೆ ಉರುಳು. ಆದುದರಿಂದ ಪ್ರಶ್ನೆ ಪಾಚಿ ಬೇಕೇ ಬೇಡವೇ ಎಂಬುದಲ್ಲ, ಎಷ್ಟು ಎಂಬುದು.

"ಸಾರ್, ಸಂಪಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನು ಒಂದು ಚಿಟಿಕೆ ಹಾಕಿಬಿಡಿ," ಎಂದರು ನೆರೆಮನೆಯವರು. ಹಾಗೆ ಹಾಕಿದರೆ ಪಾಚಿಯೊಡನೆ ಮೀನು, ಹವಳಗಳೂ ಹೋಗುತ್ತವೆ. ಪಾಚಿಯನ್ನಷ್ಟೇ ಕೊಲ್ಲುವುದೆಂಬ ಔಷಧಿಗಳೂ ಅಂಗಡಿಯಲ್ಲಿ ದೊರೆಯುತ್ತವೆ. ಆದರೆ ಸತ್ತ ಪಾಚಿ ಎಲ್ಲಿಗೆ ಹೋಗಬೇಕು? ಅಲ್ಲಿಯೇ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರುತ್ತದೆ, ತಾನು ಉಂಡ ನೈಟ್ರೇಟು ಫಾಸ್ಫೇಟುಗಳನ್ನು ಮತ್ತೆ ನೀರಿಗೇ ಬಿಡುತ್ತದೆ. ಮುಂದಿನ ಪಾಚಿಗೆ ಅದೇ ಗೊಬ್ಬರ.

ಆದುದರಿಂದ ನಾನು ಲೆಕ್ಕದ ಪುಸ್ತಕ ಹಿಡಿದೆ. ತೊಟ್ಟಿಗೆ ಜಮೆ ಯಾವುದು, ಖರ್ಚು ಯಾವುದು? ಮೀನಿನ ಆಹಾರವೆಲ್ಲ ಜಮೆ. ಇನ್ನೊಂದು ಜಮೆ ಕಣ್ಣಿಗೆ ಬೀಳುವುದಿಲ್ಲ. ತೊಟ್ಟಿಯಿಂದ ಪ್ರತಿದಿನ ನೀರು ಆವಿಯಾಗುತ್ತದೆ. ಆದರೆ ಹೋಗುವುದು ನೀರು ಮಾತ್ರ. ಅದರಲ್ಲಿ ಕರಗಿದ್ದುದೆಲ್ಲ ಉಳಿಯುತ್ತದೆ. ಕೊರತೆ ತುಂಬಲು ಕೊಳವೆಬಾವಿಯ ನೀರು ಸುರಿದರೆ ದಿನದಿನವೂ ಉಳಿಕೆ ಬೆಳೆಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದೆಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ನಮಗೆ ಸಲ್ಲುವ ಆ ನೀರು ಪಾಚಿಗೆ ಮೃಷ್ಟಾನ್ನ. ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಆ ಮಿತಿಯನ್ನೂ ದಾಟಿವೆ.

ಆ ಜಮೆಯನ್ನು ಮೊದಲು ನಿಲ್ಲಿಸಿದೆ. ಆರ್‌ಓ ಯಂತ್ರದಲ್ಲಿ ಶೋಧಿಸಿದ ನೀರನ್ನು ಮಾತ್ರ ಸುರಿದೆ. ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಟ್ಟೆ. ಪಾಚಿಯನ್ನು ಕೈಯಿಂದಲೇ ಕಿತ್ತು ಹೊರಹಾಕಿದೆ. ಅದು ಉಂಡದ್ದೂ ಅದರೊಡನೆ ಹೊರಟಿತು. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ಬದಲಿಸಿದೆ. ಬಸವನಹುಳುಗಳು ಮೇಯುತ್ತವೆ, ನಿಜ. ಮೇದದ್ದನ್ನು ಅಲ್ಲಿಯೇ ವಿಸರ್ಜಿಸುತ್ತವೆ ಎಂಬುದೂ ನಿಜ. ಆದ್ದರಿಂದ ಪಕ್ಕದ ಸಣ್ಣ ತೊಟ್ಟಿಯಲ್ಲಿ, ದೀಪದಡಿ, ಸಾಧುವಾದ ಬೇರೊಂದು ಪಾಚಿಯನ್ನು ಬೆಳೆಸಿ ಆಗಾಗ ಕೊಯ್ದು ತೆಗೆದೆ. ಈ ನಡುವೆ ಪರೀಕ್ಷೆಯ ಬಣ್ಣ ನೀರಿನಲ್ಲಿ ನೈಟ್ರೇಟ್ ಸೊನ್ನೆ ಎಂದು ತೋರಿಸುತ್ತಿತ್ತು. ಅದನ್ನು ನಂಬುವಂತಿರಲಿಲ್ಲ, ನೀರಿನಲ್ಲಿ ಇರಬೇಕಾದದ್ದು ಪಾಚಿಯ ಹೊಟ್ಟೆಯಲ್ಲಿತ್ತು. ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ಹವಳ ಉಳಿಯಲಿಲ್ಲ, ಉಳಿದವು ಅರಳಿದವು.

ಖರ್ಚಿನ ದಾರಿ ಮುಚ್ಚಿದರೂ ಗತಿ ಇದೇ. ಜಮೈಕದ ಕಡಲಿನಲ್ಲಿ ಪಾಚಿ ಮೇಯುವ ಮೀನುಗಳನ್ನು ಜನ ಹಿಡಿದು ಬರಿದುಮಾಡಿದ್ದರು. 1980ರಲ್ಲಿ ಚಂಡಮಾರುತ ಹವಳವನ್ನು ಮುರಿಯಿತು. 1983ರಲ್ಲಿ, ಮೇಯಲು ಉಳಿದಿದ್ದ ಮುಳ್ಳುಚೆಂಡಿನಂಥ ಕಡಲಜೀವಿಗಳು ರೋಗದಿಂದ ರಾಶಿರಾಶಿಯಾಗಿ ಸತ್ತವು. 1970ರ ದಶಕದಲ್ಲಿ ನೂರಕ್ಕೆ 50ರಷ್ಟು ತಳವನ್ನು ಹೊದಿಸಿದ್ದ ಹವಳ 1990ರ ದಶಕದ ಆರಂಭಕ್ಕೆ ಸುಮಾರು 3ಕ್ಕೆ ಇಳಿಯಿತು. ಪಾಚಿ 90ನ್ನು ಮೀರಿತು.

ಅಷ್ಟು ದೂರವೇಕೆ? ವೃಷಭಾವತಿ ನಮ್ಮ ಮಗ್ಗುಲಲ್ಲೇ, ಕೆಂಗೇರಿಯನ್ನು ಹಾದು, ಬಿಡದಿಯ ಬಳಿಯ ಬೈರಮಂಗಲದ ಕೆರೆ ಸೇರುತ್ತಾಳೆ. ಆಕೆ ಹೊತ್ತೊಯ್ಯುವುದು ನಮ್ಮೆಲ್ಲರ ಬಚ್ಚಲು, ಸಾಬೂನು, ಶೌಚದ ಜಮೆಯನ್ನು. ಕೆರೆಯ ಮೇಲಿನ ಹಸುರನ್ನು ಯಂತ್ರ ತಂದು ತೆಗೆಯಬಹುದು. ಒಳಬರುವ ಕೊಳಕು ನಿಲ್ಲದಿದ್ದರೆ ಹಸುರು ಮರಳುತ್ತದೆ. ಪಾಚಿ ಹಗೆಯಲ್ಲ, ಕರಣಿಕ. ನಾವು ನೀರಿಗೆ ಹಾಕಿದ್ದನ್ನೆಲ್ಲ ಅದು ಹಸುರು ಅಕ್ಷರದಲ್ಲಿ ಬರೆದಿಡುತ್ತದೆ. ಬರಹವನ್ನು ಉಜ್ಜಿ ಅಳಿಸಿದ ಮಾತ್ರಕ್ಕೆ ಸಾಲ ತೀರುವುದಿಲ್ಲ.