ಗಂಗೆಯಲ್ಲಿ ಹಳ್ಳಿ
(ಬಾನುಲಿ ಭಾಷಣ)

ಗಂಗೆಯಲ್ಲಿ ಒಂದು ಹಳ್ಳಿಯಿದೆ ಎಂದು ಯಾರಾದರೂ ಹೇಳಿದರೆ ನಾವು ಏನೆಂದು ತಿಳಿಯಬೇಕು? ನಮ್ಮ ಆಲಂಕಾರಿಕರು ಶತಮಾನಗಳಿಂದ ಕೊಡುತ್ತ ಬಂದಿರುವ ಉದಾಹರಣೆ ಇದು. ಹರಿಯುವ ನೀರಿನ ಮೇಲೆ ಹಳ್ಳಿ ನಿಲ್ಲಲಾರದು. ಹೀಗೆ ಮಾತಿನ ನೇರವಾದ ಅರ್ಥಕ್ಕೆ ಬಾಧೆ ಬಂದಾಗ, ನದಿಗೆ ಹೊಂದಿಕೊಂಡಿರುವ ದಡವನ್ನು ಮನಸ್ಸು ಹಿಡಿಯುತ್ತದೆ. ಇದು ಲಕ್ಷಣೆ. ದಡವೆನ್ನದೆ ಗಂಗೆ ಎಂದದ್ದರಿಂದ ಆ ಹಳ್ಳಿಯ ತಂಪು, ಪಾವನತೆಗಳೂ ಹೊಳೆಯುತ್ತವೆ. ಇದು ವ್ಯಂಗ್ಯಾರ್ಥ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಕಾವ್ಯದ ಆತ್ಮವೆಂದು ಸಾರಿದ ಧ್ವನಿಯ ಕಡೆಗೆ ವಿದ್ಯಾರ್ಥಿ ಇಡುವ ಮೊದಲ ಹೆಜ್ಜೆ ಇಲ್ಲಿಂದಲೇ.

ಎಂ.ಎ. ವಿದ್ಯಾರ್ಥಿಯಾಗಿದ್ದಾಗ ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿ, ಇದನ್ನೆಲ್ಲ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದೆ. ಪುಸ್ತಕದಲ್ಲಿ ಕೊರತೆಯಿರಲಿಲ್ಲ, ಅಷ್ಟು ತಿಳಿಯಾದ ಶಾಸ್ತ್ರಗ್ರಂಥ ಅಪರೂಪ. ಕೊರತೆಯಿದ್ದದ್ದು ನನ್ನಲ್ಲಿ. ಸೂತ್ರ ಕೈಗೆ ಬಂದಿತ್ತು, ತಿಳಿವು ಬಂದಿರಲಿಲ್ಲ. ಈ ಎರಡರ ನಡುವಣ ಅಂತರ ನನಗೆ ಸ್ಪಷ್ಟವಾದದ್ದು ಬಹಳ ತಡವಾಗಿ, ಮಹದೇವಪುರದ ಒಂದು ಪುಟ್ಟ ಕೋಣೆಯಲ್ಲಿ.

ನಿವೃತ್ತನಾದ ಮೇಲೆ ಅಲ್ಲಿ ಕೆಲವು ತರುಣ ತರುಣಿಯರಿಗೆ ಭಾನುವಾರಗಳಲ್ಲಿ ಪಾಠ ಹೇಳುತ್ತಿದ್ದೆ. ಹಗಲು ದುಡಿದು ರಾತ್ರಿ ಓದಿ ಕನ್ನಡ ಎಂ.ಎ. ಪರೀಕ್ಷೆಗೆ ಕಟ್ಟಿದವರು ಅವರು. ಮಹದೇವಪುರದ ಸುತ್ತಿನದು ಕೆರೆಗಳ ಸೀಮೆ. ಒಂದರ ಕೋಡಿ ನೀರು ರಾಜಕಾಲುವೆಯಲ್ಲಿ ಹರಿದು ಇನ್ನೊಂದಕ್ಕೆ ಸೇರಬೇಕು. ಕಾಲುವೆಗಳ ಅಂಚಿನಲ್ಲಿ ಕಟ್ಟಡಗಳೆದ್ದ ಮೇಲೆ ನೀರು ದಾರಿ ತಪ್ಪಿತು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬಡಾವಣೆಗಳೇ ಮುಳುಗಿ, ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು.

ಅದಾದ ಕೆಲವು ವಾರಗಳ ನಂತರ ಲಕ್ಷಣೆಯ ಪಾಠ ಬಂತು. ನಿಮ್ಮದೇ ಉದಾಹರಣೆ ಕೊಡಿರೆಂದೆ. "ನಮ್ಮ ಮನೆ ಕೆರೆಯಲ್ಲಿದೆ" ಎಂದನೊಬ್ಬ. ಎಲ್ಲರೂ ನಕ್ಕರು. ಮತ್ತೊಬ್ಬ ಬಿಡಲಿಲ್ಲ. "ಇದು ಲಕ್ಷಣೆ ಹೇಗಾಗುತ್ತದೆ ಸರ್? ಅವತ್ತು ಮನೆ ನಿಜವಾಗಿ ನೀರಿನಲ್ಲೇ ಇತ್ತು. ನೇರವಾದ ಅರ್ಥಕ್ಕೆ ಬಾಧೆ ಎಲ್ಲಿ?" ಅವನ ಆಕ್ಷೇಪ ಸರಿಯಾಗಿತ್ತು. ಬಾಧೆಯೆಂಬುದು ಮಾತಿನೊಳಗೆ ಕುಳಿತಿರುವ ಗುಣವಲ್ಲ, ಲೋಕದೊಡನೆ ಅದನ್ನು ಒರೆಹಚ್ಚಿದಾಗ ಮಾತ್ರ ತಿಳಿಯುವಂಥದು ಎಂಬುದನ್ನು ಆ ಹುಡುಗ ಒಂದೇ ಪ್ರಶ್ನೆಯಲ್ಲಿ ತೋರಿಸಿದ್ದ.

ಆಗ ಹಿಂದಿನ ಸಾಲಿನಿಂದ, ಎಂದೂ ಮಾತಾಡದ ಹುಡುಗಿಯೊಬ್ಬಳು ಹೇಳಿದಳು: "ನಮ್ಮ ಮನೆ ಈಗಲೂ ಕೆರೆಯಲ್ಲೇ ಇದೆ ಸರ್. ನೀರು ಇಳಿದಿದೆ. ಆದರೂ ಮೋಡ ಕಂಡರೆ ಅಮ್ಮ ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸುತ್ತಾರೆ."

ನಗು ನಿಂತಿತು. ವಾಕ್ಯ ಅದೇ. ನೀರಿಲ್ಲದ ಕಾರಣ ಈಗ ನೇರವಾದ ಅರ್ಥಕ್ಕೆ ಬಾಧೆಯುಂಟು. ಹೊಳೆಯುವುದಾದರೋ ಗಂಗೆಯ ತಂಪಲ್ಲ, ಒಂದು ಮನೆಯ ಭಯ. ಹೇಳುವವರು, ಕೇಳುವವರು, ದೇಶ, ಕಾಲ ಮುಂತಾದವುಗಳ ವಿಶೇಷದಿಂದ ವ್ಯಂಗ್ಯಾರ್ಥ ತೋರುತ್ತದೆಂದು 11ನೆಯ ಶತಮಾನದ ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಹೇಳಿದ್ದಾನೆ. ಆ ಪಟ್ಟಿಯನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದಿದ್ದೆ. ಅದು ಪಟ್ಟಿಯಾಗಿ ಉಳಿಯದೆ ಅನುಭವವಾದದ್ದು ಅಂದು, ವಿದ್ಯಾರ್ಥಿಗಳ ಜೊತೆಗೆ ನನಗೂ.

ತರಗತಿ ಮಾಡುವ ಕೆಲಸ ಇದೇ ಎಂದು ನನ್ನ ನಂಬಿಕೆ. ವಿವರಣೆಯನ್ನು ಪುಸ್ತಕವೂ ಕೊಡಬಲ್ಲುದು. 2020ರಲ್ಲಿ ಮಹಾಮಾರಿಯಿಂದ ಶಾಲೆ ಕಾಲೇಜುಗಳು ಮುಚ್ಚಿದಾಗ ಫೋನಿನ ಪರದೆಯೂ ಅದನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಒಬ್ಬನ ತಪ್ಪು ಇನ್ನೊಬ್ಬನ ಆಕ್ಷೇಪವನ್ನು ಎಬ್ಬಿಸಿ, ಆ ಆಕ್ಷೇಪ ಮೂರನೆಯವಳ ಮೌನವನ್ನು ಮುರಿಯಬೇಕಾದರೆ ಎಲ್ಲರೂ ಒಂದೆಡೆ ಕೂಡಿರಬೇಕು. ಹಾಗೆಂದು ಎಲ್ಲ ತರಗತಿಗಳೂ ಹೀಗಿರುತ್ತವೆನ್ನಲಾರೆ. ಟಿಪ್ಪಣಿ ಬರೆಸುವುದರಲ್ಲೇ ಗಂಟೆ ಕಳೆಯುವ ತರಗತಿಗಿಂತ ಒಳ್ಳೆಯ ಪುಸ್ತಕವೇ ಮೇಲು. ನಾನೂ ಅಂಥ ಗಂಟೆಗಳನ್ನು ಕಳೆದವನೇ.

ಕೇಳುಗರೆ, ಈಗ ನಾನು ಮಾತಾಡುತ್ತಿರುವ ಈ ಕೋಣೆಯಲ್ಲೂ ನಿಮ್ಮ ಮುಖಗಳು ನನಗೆ ಕಾಣವು. ಯಾರ ಹುಬ್ಬು ಗಂಟಿಕ್ಕಿತೋ ತಿಳಿಯದು. ಅದಕ್ಕಾಗಿ ಒಂದು ವಿನಂತಿ. ಮಕ್ಕಳು ಮನೆಗೆ ಬಂದಾಗ, ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ಇವತ್ತು ತರಗತಿಯಲ್ಲಿ ಯಾರು ಏನು ಪ್ರಶ್ನೆ ಕೇಳಿದರು ಎಂದು ವಿಚಾರಿಸಿ.