ಹತ್ತನೆಯವನು



  

ಇದು ಕೊಂಕಣ ಮೂಲದ ಯಹೂದಿಗಳಾದ ಬೆನೆ ಇಸ್ರೇಲರ ಯುವಜನರ ಸಂಘ. ಅದರ ಅಧ್ಯಕ್ಷನಾದ ನನಗೆ ಐವತ್ತೇಳು. ಹನ್ನೊಂದು ಜನರ ಕಾರ್ಯಕಾರಿ ಸಮಿತಿಯಲ್ಲಿ ನನಗಿಂತ ಚಿಕ್ಕವರು ಒಬ್ಬರೇ, ಅವರಿಗೂ ಮೊಮ್ಮಗಳು ಹುಟ್ಟಿದ್ದಾಳೆ. ನಗಬೇಡಿ, ನಾನು ಎಂಟು ವರ್ಷದಿಂದ ಈ ಮಾತನ್ನೇ ಹೇಳುತ್ತಿದ್ದೇನೆ.

ಹೋದ ಮಳೆಗಾಲದ ಒಂದು ಸೋಮವಾರ. ಸಿನಗಾಗಿನ ಬೆಳಗಿನ ಪ್ರಾರ್ಥನೆಗೆ ನಾವು ಸೇರಿದ್ದು ಒಂಬತ್ತು ಜನ. ಒಬ್ಬ ಹಿರಿಯರ ತಂದೆಯ ತಿಥಿ, ಅವರು ತೀರಿಕೊಂಡವರಿಗಾಗಿನ ಕದ್ದೀಶ್ ಪ್ರಾರ್ಥನೆ ಹೇಳಬೇಕು. ಹತ್ತು ಗಂಡಸರಿಲ್ಲದೆ ಪ್ರಾರ್ಥನೆಯ ಕೋರಂ, ಅಂದರೆ ಮಿನ್ಯಾನ್ ಆಗದು, ಮಿನ್ಯಾನ್ ಇಲ್ಲದೆ ಕದ್ದೀಶ್ ಇಲ್ಲ. ಅರ್ಧ ಗಂಟೆ ಕಾದೆವು. ಕೊನೆಗೆ ಕಾರ್ಯದರ್ಶಿಗಳು ಫೋನ್ ಮಾಡಿದ್ದು ಹದಿನೈದು ವರ್ಷದ ಒಬ್ಬ ಹುಡುಗನಿಗೆ. ಅವನು ಫಿಸಿಕ್ಸ್ ಟ್ಯೂಷನ್ ಅರ್ಧಕ್ಕೇ ಬಿಟ್ಟು ಓಡಿಬಂದ. ಚೀಲ ನೆನೆದು ನೋಟ್‌ಬುಕ್ಕಿನ ಶಾಯಿ ಇಳಿದಿತ್ತು. ಬಾಗಿಲ ಪಕ್ಕದ ಡಬ್ಬಿಯಿಂದ ಒಂದು ಟೋಪಿ ತೆಗೆದು ತಲೆಗಿಟ್ಟುಕೊಂಡು ನಿಂತ. ಅವನು ಬಂದ ಮೇಲೆಯೇ ಆ ಹಿರಿಯರ ಬಾಯಿಂದ ಕದ್ದೀಶ್ ಹೊರಟಿದ್ದು.

ಅದೇ ವಾರ ಸಂಘದ ಸಭೆ. ಅದೇ ಹುಡುಗ ಎದ್ದು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ ಇಟ್ಟರೆ ನಮಗೆಲ್ಲ ಕೋಚಿಂಗ್ ಕ್ಲಾಸ್ ಇರುತ್ತದೆ, ಶನಿವಾರ ಸಂಜೆ ಸಬ್ಬತ್ತಿಗೆ ವಿದಾಯ ಹೇಳುವ ಹಾವ್‌ದಲಾ ಮುಗಿದ ಮೇಲೆ ಇಡಬಾರದೇ ಎಂದು ಕೇಳಿದ. ನಮ್ಮ ಮಾನ್ಯ ಸದಸ್ಯರೊಬ್ಬರು, ಇದೇ ವೇದಿಕೆಯಲ್ಲಿದ್ದಾರೆ, ಏನಂದರು ಗೊತ್ತೇ? “ನಿನಗೆ ಮತವಿಲ್ಲ, ಕೂತ್ಕೋ.” ಅವನು ಕೂತ. ಆಮೇಲೆ ಬರಲೇ ಇಲ್ಲ.

ದೇವರ ಮುಂದೆ ಎಣಿಕೆಗೆ ಸಿಗುವ ಹುಡುಗ ನಮ್ಮ ಮುಂದೆ ಎಣಿಕೆಗಿಲ್ಲ. ಹದಿಮೂರಕ್ಕೆ ಬಾರ್ ಮಿತ್ಜ್ವಾ ಮಾಡಿ, ಫೋಟೋ ತೆಗೆಸಿ, ಇನ್ನು ನೀನು ದೊಡ್ಡವನಾದೆ ಎಂದು ಬೆನ್ನು ತಟ್ಟಿದವರೇ ಇಪ್ಪತ್ತೊಂದರವರೆಗೆ ಬಾಯಿ ಮುಚ್ಚು ಎನ್ನುತ್ತೇವೆ. ಈ ದೇಶವೇ 1989ರಲ್ಲಿ ಮತದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಆ ಸುದ್ದಿ ನಮ್ಮ ನಿಯಮಾವಳಿಗೆ ಇನ್ನೂ ಮುಟ್ಟಿಲ್ಲ. ಇನ್ನು ಹುಡುಗಿಯರು. ನಮ್ಮ ಪ್ರಾರ್ಥನೆಯಲ್ಲಿ ಅವರನ್ನು ಎಣಿಸುವುದಿಲ್ಲ. ಅದರ ಜಗಳ ಬೇರೆ ದಿನಕ್ಕಿರಲಿ. ಸಂಘ ಸಿನಗಾಗ್ ಅಲ್ಲವಲ್ಲ? ಇಲ್ಲಿ ಯಾಕೆ ಅವರು ಮಲಿದಾ ತಟ್ಟೆಗೆ ಅವಲಕ್ಕಿ, ಕಾಯಿತುರಿ, ಬೆಲ್ಲ ಕಲಸಲು ಮಾತ್ರ ಬೇಕು?

ಸಂಘದ ಸಭಾಂಗಣದ ಕೀಲಿಯ ವಿಷಯ ನಿಮಗೆ ಗೊತ್ತೇ ಇದೆ. ಮಕ್ಕಳು ಎರಡು ಗಂಟೆ ಸಭಾಂಗಣ ಬೇಕೆಂದರೆ ಮೂರು ವಾರ ಮೊದಲು ಅರ್ಜಿ ಹಾಕಬೇಕು, ಇಬ್ಬರು ಹಿರಿಯರ ಸಹಿ ಬೇಕು. ಹದಿನಾರರ ಹುಡುಗಿಗೆ ಮೂರು ವಾರದಾಚೆಗಿನ ಪ್ಲಾನ್ ಎಲ್ಲಿಯದು? ಮಕ್ಕಳ ಕೈಗೇ ಕೀಲಿ ಕೊಟ್ಟವರೂ ಇದ್ದಾರೆ. 1924ರಲ್ಲಿ ಅಮೆರಿಕದ ಒಮಾಹಾ ಊರಿನಲ್ಲಿ ಯಹೂದಿ ಹುಡುಗರು ಕಟ್ಟಿದ ಸಂಘ ಎಜೆಡ್‌ಎ, ಇಂದು ಬಿಬಿವೈಒ ಎಂಬ ದೊಡ್ಡ ಸಂಸ್ಥೆಯ ಭಾಗ. ಅಲ್ಲಿ ಈಗಲೂ ಅಧ್ಯಕ್ಷರು ಹದಿಹರೆಯದವರೇ. 1913ರಲ್ಲಿ ಪೂರ್ವ ಯುರೋಪಿನ ಗಲೀಷಿಯಾದಲ್ಲಿ ಶುರುವಾದ ಯಹೂದಿ ಯುವ ಚಳುವಳಿ ಹಶೋಮರ್ ಹತ್ಸಾಯಿರ್‌ನಲ್ಲಿ ಹುಡುಗರಿಗೆ ಹುಡುಗರೇ ಮಾರ್ಗದರ್ಶಿಗಳು. ಆ ಚಳುವಳಿಯ ಮೊರ್ದೆಖಾಯ್ ಅನಿಯೆಲೆವಿಚ್ 1943ರಲ್ಲಿ ನಾಜಿಗಳ ವಿರುದ್ಧದ ವಾರ್ಸಾ ಘೆಟ್ಟೋ ದಂಗೆಯನ್ನು ಮುನ್ನಡೆಸಿ ಸತ್ತಾಗ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ನಮ್ಮ ನಿಯಮದಲ್ಲಿ ಅವನಿಗೆ ಮತ ಸಿಕ್ಕು ಮೂರು ವರ್ಷವಾಗಿರುತ್ತಿತ್ತು. ಹೋಲಿಕೆ ಅತಿಯಾಯಿತು ಎಂದು ಯಾರೋ ಗೊಣಗಿದ್ದು ಕೇಳಿಸಿತು. ಆಗಲಿ. ನಮಗಿರುವ ಭಯ ಮಾತ್ರ, ಕೀಲಿ ಕೊಟ್ಟರೆ ಮಕ್ಕಳು ಫ್ಯಾನ್ ಆರಿಸದೆ ಹೋದಾರು ಎಂಬುದು.

ನನ್ನ ಸೂಚನೆ ಇಷ್ಟು. ಮತದ ವಯಸ್ಸು ಹದಿನೆಂಟಾಗಲಿ. ಅಪ್ರಾಪ್ತರಿಗೆ ಮತ ಕೊಟ್ಟರೆ ಕಾನೂನಿನ ತೊಡಕು ಬರುತ್ತದೆಂದು ಖಜಾಂಚಿಗಳು ಪ್ರತಿ ವರ್ಷ ಹೇಳುತ್ತಾರೆ. ಒಪ್ಪಿದೆ. ಹಾಗಾದರೆ ಹದಿಮೂರರಿಂದ ಹದಿನೇಳರವರದೇ ಒಂದು ಮಂಡಳಿ ಇರಲಿ, ವರ್ಷಕ್ಕೆ ಐವತ್ತು ಸಾವಿರ ಅವರ ಕೈಯಲ್ಲಿರಲಿ, ಕಾರ್ಯಕ್ರಮ ಯಾವುದು, ಯಾವಾಗ ಎಂಬುದರಲ್ಲಿ ಅವರದೇ ಕೊನೆಯ ಮಾತಾಗಲಿ. ಸಭಾಂಗಣದ ಎರಡನೇ ಕೀಲಿ ಅವರ ಬಳಿ ಇರಲಿ. ಮೂವತ್ತು ದಾಟಿದವರು ಪದಾಧಿಕಾರಿಗಳಾಗಬಾರದು. ಮೊದಲು ಹೋಗುವವನು ನಾನೇ.

ಕಾರ್ಯಕ್ರಮದ ಬಗ್ಗೆಯೂ ಎರಡು ಮಾತು. ನಮ್ಮ ಅಪ್ಪಂದಿರ ಕಾಲದ ಯುವ ಚಳುವಳಿಗೆ ಗುರಿ ಒಂದೇ ಇತ್ತು: ಇಸ್ರೇಲಿಗೆ ಹೋಗಲು ತಯಾರು ಮಾಡುವುದು. ಗುರಿ ಮುಟ್ಟಿತು. ಸ್ವಾತಂತ್ರ್ಯದ ಹೊತ್ತಿಗೆ ಇಪ್ಪತ್ತು ಸಾವಿರದಷ್ಟಿದ್ದ ನಾವು ಇಂದು ಇಲ್ಲಿ ಐದು ಸಾವಿರವೂ ಇಲ್ಲ; ಹೋದವರು ಇಸ್ರೇಲಿನ ಅಶ್ದೋದ್, ದಿಮೋನಾ, ಲೋದ್‌ಗಳಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ನಾವಿನ್ನೂ ಸಂಘವನ್ನು ರೈಲು ನಿಲ್ದಾಣದ ವೇಟಿಂಗ್ ರೂಮಿನಂತೆ ನಡೆಸುತ್ತಿದ್ದೇವೆ. ಇವತ್ತಿನ ಮಕ್ಕಳಲ್ಲಿ ಕೆಲವರು ಹೋಗುತ್ತಾರೆ, ಹಲವರು ಪುಣೆಯಲ್ಲಿ ಓದಿ ಬೆಂಗಳೂರಿನಲ್ಲಿ ಕೆಲಸ ಹಿಡಿಯುತ್ತಾರೆ. ಅವರಿಗೆ ನಾವೇನು ಕೊಡುತ್ತಿದ್ದೇವೆ? 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದ ಮೇಲೆ, ಶಾಲೆಯಲ್ಲಿ ಗೆಳೆಯರು ಅದರ ಬಗ್ಗೆ ಕೇಳಿದರೆ ಏನು ಹೇಳಲಿ ಎಂದು ಒಬ್ಬಳು ಕೇಳಿದಳು. ಇಲ್ಲಿ ರಾಜಕೀಯ ಬೇಡ ಎಂದಿತು ನಮ್ಮ ಸಮಿತಿ. ಅವಳು ಕೇಳಿದ್ದು ರಾಜಕೀಯವಲ್ಲ. ನಾಳೆ ಬೆಳಿಗ್ಗೆ ತರಗತಿಯಲ್ಲಿ ಯಾರ ಪಕ್ಕ ಕೂರಲಿ ಎಂದು.

ಸದಸ್ಯತ್ವದ ಫಾರಂನಲ್ಲಿ ತಾಯಿಯ ತವರಿನ ಹೆಸರಿನ ಕಾಲಂ ಇದೆ. ತಾಯಿ ಬೇರೆ ಧರ್ಮದವಳಾಗಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 1960ರ ದಶಕದಲ್ಲಿ ಇಸ್ರೇಲಿನ ಧರ್ಮಪೀಠ ಬೆನೆ ಇಸ್ರೇಲರ ಮದುವೆಗೆ ಮುಂಚೆ ವಂಶಾವಳಿ ವಿಚಾರಿಸಬೇಕೆಂದಾಗ ನಮ್ಮ ಜನ ಬೀದಿಗಿಳಿದರು; 1964ರಲ್ಲಿ ಅಲ್ಲಿನ ಸಂಸತ್ತೇ ನಮ್ಮ ಪರವಾಗಿ ಮಾತಾಡಬೇಕಾಯಿತು. ಅಷ್ಟು ಅವಮಾನ ಉಂಡ ನಾವೇ ಈ ಕಾಲಂ ಬರೆದೆವಲ್ಲ! ಮದುವೆಯ ಶಾಸ್ತ್ರ ರಬ್ಬಿಗಳಿಗಿರಲಿ, ಟೇಬಲ್ ಟೆನಿಸ್‌ಗೆ ಯಾಕೆ?

ಆಸೆಯ ಮಾತೂ ಒಂದಿದೆ. ದಿವೇಕರ್, ಕೆಹಿಮ್‌ಕರ್, ಪೇಣಕರ್ ಎಂದು ಹೆಸರಿಟ್ಟುಕೊಂಡ ಮಕ್ಕಳು ತಮ್ಮ ಹೆಸರಿನ ಊರನ್ನೇ ನೋಡಿಲ್ಲ. ಬೇಸಿಗೆಗೊಂದು ಬಸ್ಸು ಮಾಡಿ ಕೊಂಕಣ ಸುತ್ತಿಸಬೇಕು. ನವಗಾಂವ್, ರೇವದಂಡಾ, ಅಲಿಬಾಗಿನ ಇಸ್ರೇಲ್ ಆಳಿ. ನಮ್ಮವರೇ ಆದ ಸೈನಿಕ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ, ಬದುಕಿ ಬಂದರೆ ಸಿನಗಾಗ್ ಕಟ್ಟಿಸುತ್ತೇನೆಂದು ಹರಕೆ ಹೊತ್ತರೆಂದು ಕಥೆ. ಹಾಗೆ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಎದ್ದಿತು. ಶ್ರೀರಂಗಪಟ್ಟಣಕ್ಕೂ ಒಮ್ಮೆ ಕರೆದೊಯ್ಯಬೇಕು. ದುಡ್ಡೆಲ್ಲಿದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಮತದ ತಿದ್ದುಪಡಿ ಊಟದ ನಂತರ ಮೂರು ಗಂಟೆಗೆ, ಆರನೆಯ ವಿಷಯವಾಗಿ ಬರುತ್ತದೆ. ಕಳೆದ ಮೂರು ಸಲವೂ ಅದನ್ನು ಯಾರೂ ಸೋಲಿಸಲಿಲ್ಲ. ಊಟ ಮುಗಿಸಿ ಜನ ಮನೆಗೆ ಹೋದರು, ಕೋರಂ ಆಗಲಿಲ್ಲ. ದಯವಿಟ್ಟು ಈ ಸಲ ಊಟ ಮಾಡಿ ಇಲ್ಲೇ ಕೂತಿರಿ. ವಿರೋಧವಿದ್ದರೆ ಕೈ ಎತ್ತಿಯೇ ವಿರೋಧಿಸಿ.