ನಮ್ಮೋರ ಮುಂದೆ ಹೇಳಲಾಗದ್ದು



 ತಾವರೆಕೆರೆಯ ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿದೆಯೋ ಆ ಮೇಷ್ಟ್ರು ಹಟ್ಟಿ, ತಾಂಡಾ, ಕೇರಿ ಎಂದು ಭೇದವೆಣಿಸದೆ ಮನೆ ಮನೆಗೆ ಹೋಗಿ ಮಕ್ಕಳನ್ನು ಶಾಲೆಗೆ ಕರೆತಂದವರು. ನಾನಾ ಸಂಸ್ಕೃತಿಯ ಜನರಿಗೆ ಆಪ್ತಸಮಾಲೋಚನೆ ನಡೆಸುವ ಬಗೆಯನ್ನು ಅವರ ಹೆಸರಿನ ವೇದಿಕೆಯಲ್ಲಿ ಚರ್ಚಿಸುವುದು ನನ್ನ ಭಾಗ್ಯ.

ಮೊದಲ ಪಾಠಗಳಿಗೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ತಾಳ್ಮೆಯಿಂದ ಕೇಳಬೇಕು, ತೀರ್ಪು ಕೊಡಬಾರದು, ಗುಟ್ಟು ಕಾಯಬೇಕು. ಗುಟ್ಟು ಕಾಯುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಹಕ್ಕೆಂದೇ ಹೇಳಿದೆ. ಉಳಿದದ್ದನ್ನು ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳಲ್ಲಿ ಓದಿಕೊಳ್ಳಬಹುದು.

ನನ್ನ ತಕರಾರು ಇರುವುದು ಬೇರೆ ಕಡೆ. ‘ಆಯಾ ಜನಕ್ಕೆ ಆಯಾ ಜನದವರೇ ಸಮಾಲೋಚಕರಾಗಬೇಕು’ ಎಂಬ ವಾದ ಈಚೆಗೆ ಬಲವಾಗಿದೆ. ಗೊಲ್ಲರಹಟ್ಟಿಗೆ ಹಟ್ಟಿಯ ಹೆಣ್ಣುಮಗಳು, ತಾಂಡಾಕ್ಕೆ ಲಂಬಾಣಿ ಹುಡುಗ, ಶಿರಾ ಪೇಟೆಯ ಮುಸ್ಲಿಂ ಮನೆಗಳಿಗೆ ಆ ಮನೆಗಳವರೇ. ಈ ವಾದದಲ್ಲಿ ಒಂದು ಸತ್ಯವಿದೆ, ಅದು ಭಾಷೆಯದು. ಪಾವಗಡದ ಎಷ್ಟೋ ಮನೆಗಳಲ್ಲಿ ಅಳುವುದೂ ಜಗಳವಾಡುವುದೂ ತೆಲುಗಿನಲ್ಲಿ. ಅಲ್ಲಿಯವರಿಗೆ ಶಾಲೆಯ ಕನ್ನಡದಲ್ಲಿ ದುಃಖ ಹೇಳಿಕೊಳ್ಳಿ ಎಂದರೆ ಅರ್ಧ ಒಳಗೇ ಉಳಿಯುತ್ತದೆ. ಇಷ್ಟನ್ನು ಒಪ್ಪುತ್ತೇನೆ. ಆದರೆ ಭಾಷೆ ಗೊತ್ತಿರುವವರೆಲ್ಲ ಅದೇ ಕುಲದವರಾಗಿರಬೇಕಿಲ್ಲ.

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಕಾಡುಗೊಲ್ಲರ ಹಟ್ಟಿಯ ಬಾಣಂತಿ. ಸಂಪ್ರದಾಯದಂತೆ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಕೂಸಿನೊಂದಿಗೆ ಇದ್ದಳು. ಊಟ ಬಿಟ್ಟಿದ್ದಳು, ರಾತ್ರಿಯೆಲ್ಲ ಎಚ್ಚರ. ಅವಳದೇ ಜನದ ಕಾರ್ಯಕರ್ತೆ ವಿಚಾರಿಸಿದಾಗ, ‘ಜುಂಜಪ್ಪ ಕಾಯ್ತಾನೆ, ಏನೂ ತೊಂದ್ರೆ ಇಲ್ಲ ಕಣಕ್ಕ’ ಎಂದಳು. ಲಸಿಕೆ ಹಾಕಲು ಬಂದ, ಬೇರೆ ತಾಲ್ಲೂಕಿನ ನರ್ಸಮ್ಮನ ಮುಂದೆ ಮಾತ್ರ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ದೇವರಾದ ಜುಂಜಪ್ಪನ ಮೇಲೆ ಅವಳಿಗೆ ಮುನಿಸಿರಲಿಲ್ಲ. ಗುಡುಗಿನ ರಾತ್ರಿ ಅತ್ತೆ ಹತ್ತಿರ ಸುಳಿಯಲಿಲ್ಲವೆಂಬುದು, ಕೂಸಿಗೆ ಏನಾದರೂ ಆದರೆ ತನ್ನನ್ನೇ ದೂರುತ್ತಾರೆಂಬುದು ಅವಳನ್ನು ತಿನ್ನುತ್ತಿತ್ತು.

ಕಾರ್ಯಕರ್ತೆಗೆ ಹೇಳದಿರಲು ಕಾರಣ ತಿಳಿಯುವುದು ಕಷ್ಟವಲ್ಲ. ಆ ಕಾರ್ಯಕರ್ತೆಯ ಚಿಕ್ಕಮ್ಮನನ್ನು ಇದೇ ಹಟ್ಟಿಗೆ ಕೊಟ್ಟಿದೆ. ಇಲ್ಲಿ ಆಡಿದ ಮಾತು ನಾಳೆ ಬಾಣಂತಿಯ ತಂಗಿಯ ಸಂಬಂಧ ಕೆಡಿಸಬಹುದು. ಹೋಬಳಿಯಲ್ಲಿ ‘ನಮ್ಮೋರು’ ಎಂದರೆ ಆಸರೆ, ಜೊತೆಗೆ ಅಂಜಿಕೆ. ಕುಲಕ್ಕೆ ಕುಲ ಜೋಡಿಸುವವರು ಆಸರೆಯನ್ನಷ್ಟೇ ನೋಡುತ್ತಾರೆ.

ಹಾಗೆಂದು ಆ ಗುಡಿಸಲನ್ನು ಸಂಸ್ಕೃತಿಯೆಂದು ಸಮರ್ಥಿಸುವವನಲ್ಲ ನಾನು. ಹಸುಗೂಸಿಗೆ ಚಳಿ, ಮಳೆ ಪ್ರಾಣಾಂತಿಕ. ಬಾಣಂತಿಯನ್ನೂ ಕೂಸನ್ನೂ ಮನೆಯೊಳಗೆ ಕರೆದುಕೊಳ್ಳಿ ಎಂದು ಮನೆಯವರಿಗೆ ನೇರವಾಗಿಯೇ ಹೇಳಬೇಕು. ಆದರೆ ಅವಳ ಮುಂದೆ ಕುಳಿತು ಮೌಢ್ಯದ ಮೇಲೆ ಭಾಷಣ ಬಿಗಿದರೆ ಅತ್ತೆಯ ಮಾತು ಹೊರಗೆ ಬರುವುದೇ ಇಲ್ಲ.

ಇನ್ನೊಂದು ವಾದ ಹಿರಿಯರದು. ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ, ಭಾರತೀಯರಿಗೆ ಗುರು–ಶಿಷ್ಯ ಸಂಬಂಧವೇ ಚಿಕಿತ್ಸೆಯ ಮಾದರಿಯಾಗಬಲ್ಲದು ಎಂದರು. ಪಶ್ಚಿಮದ ಅಚ್ಚನ್ನು ಪ್ರಶ್ನಿಸಿದ್ದು ಅವರ ದೊಡ್ಡ ಕೆಲಸ. ಆದರೆ ಗುರುಪೀಠದಲ್ಲಿ ಕುಳಿತವರು ಸೊಸೆಗೆ ಸಾಮಾನ್ಯವಾಗಿ ಕೊಡುವ ಬುದ್ಧಿವಾದ ‘ಹೊಂದ್ಕೊಂಡು ಹೋಗಮ್ಮ’ ಎಂಬುದೇ. ಅವಳು ಅದನ್ನು ಮನೆಯಲ್ಲೇ ಸಾಕಷ್ಟು ಕೇಳಿರುತ್ತಾಳೆ. ನಮ್ಮ ಮೇಷ್ಟ್ರು ಗುರುವೇ ಆಗಿದ್ದರೂ ಹೇಳುವುದಕ್ಕಿಂತ ಹೆಚ್ಚು ಕೇಳುತ್ತಿದ್ದರೆಂದು ಅವರ ಶಿಷ್ಯರು ನನಗೆ ಹೇಳಿದ್ದಾರೆ. ಅಂಥ ಗುರುವಾದರೆ ನನ್ನ ತಕರಾರಿಲ್ಲ.

ನನಗೆ ಹೆಚ್ಚು ಹಿಡಿಸುವುದು ಕರಾವಳಿಯ ಕೋಟದಲ್ಲಿ ನಡೆದ ಅಧ್ಯಯನ. ಮನೋವೈದ್ಯರಾದ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅದನ್ನು 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳ ಮನೆಗಳಿಗೆ ಹೋಗಿ ವಿಚಾರಿಸಿದರು. ಜನ ಮೈಮೇಲೆ ದೈವ ಬರುವ ಪಾತ್ರಿಯ ಬಳಿಗೂ ಮಂತ್ರವಾದಿಯ ಬಳಿಗೂ ಡಾಕ್ಟರ ಬಳಿಗೂ ಹೋಗುತ್ತಿದ್ದರು, ಅದರಲ್ಲಿ ಅವರಿಗೆ ವಿರೋಧವೇನೂ ಕಾಣುತ್ತಿರಲಿಲ್ಲ. ಅಂದರೆ ಒಬ್ಬನ ಜಾತಿ ತಿಳಿದ ಮಾತ್ರಕ್ಕೆ ಅವನ ನಂಬಿಕೆಯೆಲ್ಲ ತಿಳಿಯಿತು ಎನ್ನಲಾಗದು. ಎದುರು ಕುಳಿತವರನ್ನೇ ಕೇಳಬೇಕು: ಯಾವ ಭಾಷೆಯಲ್ಲಿ ಮಾತಾಡೋಣ, ಈಗಾಗಲೇ ಯಾರ ಬಳಿ ಹೋಗಿದ್ದಿರಿ, ಈ ವಿಷಯ ಯಾರಿಗೆ ಗೊತ್ತಾಗಬಾರದು? ಮೂರನೆಯ ಪ್ರಶ್ನೆಯನ್ನು ತರಬೇತಿಗಳಲ್ಲಿ ಹೇಳಿಕೊಡುವುದು ಅಪರೂಪ. ನನ್ನ ಅನುಭವದಲ್ಲಿ ಬಾಯಿ ತೆರೆಸುವುದು ಅದೇ.

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು ನಾನು ಮೆಚ್ಚುವುದೂ ಇದೇ ಕಾರಣಕ್ಕೆ. ಭಾಷೆ ನಮ್ಮದು, ಆಲಿಸುವವರು ಊರಿನವರಲ್ಲ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಆದರೆ ಫೋನು ಗಂಡನ ಕೈಯಲ್ಲಿರುವ ಮನೆಗಳೂ ಇವೆ. ಆದ್ದರಿಂದ ಸಭೆಯಲ್ಲಿರುವ ಪಂಚಾಯಿತಿ ಸದಸ್ಯರಲ್ಲಿ ನನ್ನ ಬೇಡಿಕೆ ಒಂದೇ: ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಅದರೊಳಗೊಂದು ಫೋನು ಇಡಿಸಿಕೊಡಿ.